ಒನಕೆ, ಸೇಫಿನ ಕೀ ಮತ್ತು ಒಂದು ಸ್ಟಾರು

ನವೆಂಬರ್ ಬಂತೆಂದರೆ ನಮ್ಮ ಬ್ಯಾಂಕಿನಲ್ಲಿ ಜಾತ್ರೆ. ಪಿಂಚಣಿದಾರರೆಲ್ಲ ತಾವಿನ್ನೂ ಬದುಕಿದ್ದೇವೆ ಅಂತ ಸಹಿ ಹಾಕಿ ತೋರಿಸಬೇಕಾದ ತಿಂಗಳು ಅದು. 80 ದಾಟಿದವರಿಗೆ ಅಕ್ಟೋಬರಿನಿಂದಲೇ ಅವಕಾಶವಿದ್ದರೂ ಅವರೂ ನವೆಂಬರಿನಲ್ಲೇ ಬರುತ್ತಾರೆ, ಹಳೇ ಗೆಳೆಯರು ಸಿಗ್ತಾರಲ್ಲ. ಇತ್ತ ಮಗಳ ಸ್ಕೂಲಿನಲ್ಲೂ ಜಾತ್ರೆಯೇ. 1ಕ್ಕೆ ರಾಜ್ಯೋತ್ಸವ, 11ಕ್ಕೆ ಒನಕೆ ಓಬವ್ವ ಜಯಂತಿ, 14ಕ್ಕೆ ಮಕ್ಕಳ ದಿನ. ಇದರ ನಡುವೆ ಪೇರೆಂಟ್ಸ್ ಮೀಟಿಂಗ್ ಬೇರೆ, ಅದೂ ಶನಿವಾರವೇ. ನಮಗೆ 2015ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಅವರು ಮೀಟಿಂಗ್ ಇಡುವುದು ಮೊದಲನೇ ಶನಿವಾರ, ತಪ್ಪಿದರೆ ಮೂರನೆಯದು. ಯಾರೋ ನಮ್ಮ ರಜಾಪಟ್ಟಿಯನ್ನು ಮುಂದಿಟ್ಟುಕೊಂಡೇ ತಾರೀಖು ಹಾಕ್ತಾರೆ ಅಂತ ನನಗೆ ಗುಮಾನಿ.

10ನೇ ತಾರೀಖು ರಾತ್ರಿ ಒಂಬತ್ತಕ್ಕೆ, ಅನ್ನ ಕಲಸಿ ಬಾಯಿಗಿಡುವಾಗ, ಮಗಳು ನಿಧಾನವಾಗಿ ಹೇಳಿದಳು. "ಅಮ್ಮಾ, ನಾಳೆ ನಾನು ಓಬವ್ವ." ಸೀರೆ ಸರಿ, ನನ್ನ ಹಳೇ ದುಪಟ್ಟಾ ಸಾಕು. ಒನಕೆ? ಅತ್ತೆ ಅರಸೀಕೆರೆಗೆ ಮದುವೆಗೆ ಹೋಗಿದ್ದರು. ಫೋನ್ ಮಾಡಿದರೆ "ಒನಕೆ ಊರ ಮನೆ ಅಟ್ಟದ ಮೇಲಿದೆ ಕಣಮ್ಮಾ" ಅಂದರು. ಊರಿಗೆ ನೂರು ಕಿಲೋಮೀಟರು. ಕೊನೆಗೆ ಕೆಳಗಿನ ಮನೆ ಟೈಲರ್ ಆಂಟಿಯನ್ನು ಎಬ್ಬಿಸಿ, ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆ ತಂದು, ಪುಸ್ತಕದ ಬೈಂಡಿನ ಕಂದು ಹಾಳೆ ಅಂಟಿಸಿ, ತುದಿಗೆ ಅಡುಗೆಮನೆಯ ಫಾಯಿಲ್ ಸುತ್ತಿ, ಹನ್ನೊಂದೂವರೆಗೆ ಒನಕೆ ತಯಾರು. ಬೆಳಿಗ್ಗೆ ಅದನ್ನು ನೋಡಿ ಖುಷಿಯಾದ ಮಗಳು ತನ್ನ ಸ್ಟಿಕರ್ ಹಾಳೆಯಿಂದ ಒಂದು ಚಿನ್ನದ ಬಣ್ಣದ ಸ್ಟಾರ್ ಕಿತ್ತು ನನ್ನ ಚೂಡಿದಾರದ ತೋಳಿಗೆ ಅಂಟಿಸಿದಳು. "ವೆರಿ ಗುಡ್ ಅಮ್ಮಾ." ಎಂಟು ಗಂಟೆಗೆ ವ್ಯಾನ್ ಹತ್ತಿದಳು.

ಒನಕೆಯೂ ಡಬ್ಬವೂ ಮನೆಯಲ್ಲೇ ಉಳಿದವು.

ಸರಿ, ಸ್ಕೂಲು ದಾರಿಯಲ್ಲೇ ಅಲ್ವಾ ಅಂತ ಎರಡನ್ನೂ ಸ್ಕೂಟರಿಗೆ ಏರಿಸಿಕೊಂಡು ಹೊರಟೆ. ಗೇಟಿನ ಹತ್ತಿರ ನಿಲ್ಲಿಸಿದ್ದೇ ತಡ, ಬ್ಯಾಂಕಿನಿಂದ ಫೋನ್. ನಮ್ಮ ಕ್ಯಾಶ್ ಸೇಫಿಗೆ ಎರಡು ಕೀ, ಒಂದು ಕ್ಯಾಶಿಯರ್ ಹತ್ತಿರ, ಒಂದು ನನ್ನ ಹತ್ತಿರ. ಎರಡೂ ಸೇರದೆ ಬಾಗಿಲು ತೆರೆಯಲ್ಲ. "ಮೇಡಂ, ಕ್ಯೂ ರಸ್ತೆಗೆ ಬಂದಿದೆ." ಗಾಬರಿಯಲ್ಲಿ ಆಯಾ ಕೈಗೆ ಡಬ್ಬ ತುರುಕಿ, "ಮಗಳಿಗೆ ಕೊಡಿ ಅಕ್ಕಾ" ಅಂದು ಗಾಡಿ ಓಡಿಸಿದೆ. ಕಾಲಿನ ಹತ್ತಿರ ಏನೋ ತಾಗುತ್ತಿತ್ತು, ಆದರೆ ತಲೆಯಲ್ಲಿ ಕೀ ಬಿಟ್ಟು ಬೇರೇನೂ ಇರಲಿಲ್ಲ.

ಬ್ಯಾಂಕಿನ ಬಾಗಿಲಲ್ಲಿ ನಮ್ಮ ಗಾರ್ಡ್, ಹೆಗಲಿಗೆ ಬಂದೂಕು ಹಾಕಿಕೊಂಡು ನಿಂತವರು, ನನ್ನನ್ನೂ ಒನಕೆಯನ್ನೂ ನೋಡಿದರು. "ಮೇಡಂ, ನೀವಿದ್ದೀರಲ್ಲ, ಇವತ್ತು ನಾನು ರಜಾ ಹಾಕ್ಲಾ?"

ಸೇಫ್ ತೆರೆದು, ಒನಕೆಯನ್ನು ಕೌಂಟರ್ ಹಿಂದಿನ ಮೂಲೆಗೆ ಒರಗಿಸಿ ಕೂತೆ. ಬಂದವರೆಲ್ಲ ಅದನ್ನೊಮ್ಮೆ ನೋಡಿ, ಆಮೇಲೆ ತುಂಬಾ ಮರ್ಯಾದೆಯಿಂದ ಮಾತಾಡಿದರು. ಕ್ಯೂ ಕೂಡ ನೇರವಾಗಿತ್ತು. ಸುಮ್ನೆ ಹೇಳ್ತಿಲ್ಲ, ಪ್ರತಿ ಬ್ರಾಂಚಿಗೂ ಒಂದು ಒನಕೆ ಮಂಜೂರು ಮಾಡಬೇಕು.

ಮಧ್ಯಾಹ್ನ ಡಬ್ಬ ತೆರೆದರೆ ಜಾಮ್ ಸವರಿದ ಹೃದಯದ ಆಕಾರದ ಚಪಾತಿ ನಾಲ್ಕು, ಸೀಬೆಹಣ್ಣಿನ ಹೋಳು ಐದು. ನನ್ನ ಡಬ್ಬದ ಚಿತ್ರಾನ್ನ, ಅದೂ ಹಸಿಮೆಣಸಿನಕಾಯಿ ಜಾಸ್ತಿ ಹಾಕಿದ್ದು, ಓಬವ್ವನ ಹೊಟ್ಟೆ ಸೇರಿತ್ತು. ಸಂಜೆ ಗೊತ್ತಾಯಿತು, ಅವಳು ಮಿಸ್ ಕೊಟ್ಟ ಕ್ರಿಕೆಟ್ ವಿಕೆಟನ್ನೇ ಹಿಡಿದು ಹೈದರಾಲಿಯ ಸೈನ್ಯವನ್ನು ಮುಗಿಸಿದಳಂತೆ. ಸೈನ್ಯದಲ್ಲಿ ಇಬ್ಬರು ನಿಜವಾಗಲೂ ಅತ್ತರಂತೆ. ಚಿತ್ರಾನ್ನದ ಪ್ರಭಾವ ಇರಬೇಕು.

ಮೂರು ಗಂಟೆ ಹೊತ್ತಿಗೆ ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ಅವರ ಫಾರಂ ಪರಿಶೀಲಿಸಿ, ಸಹಿ ಹಾಕಿ, ಸೀಲ್ ಒತ್ತಿ ತಿರುಗಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. ಮತ್ತೆ ನೋಡಿದರು. ಅವರ ಹೆಸರಿನ ಪಕ್ಕದಲ್ಲೇ ಚಿನ್ನದ ಸ್ಟಾರು! ನನ್ನ ತೋಳಿನಿಂದ ಯಾವಾಗ ಉದುರಿತ್ತೋ, ಸೀಲ್ ಒತ್ತಿದ ರಭಸಕ್ಕೆ ಗಟ್ಟಿಯಾಗಿ ಕೂತಿತ್ತು. ಕೀಳಲು ಉಗುರು ಹಾಕಿದರೆ ಕಾಗದವೇ ಏಳುತ್ತಿದೆ.

"ಸಾರ್, ಕ್ಷಮಿಸಿ, ಬೇರೆ ಫಾರಂ ಕೊಡ್ತೀನಿ."

"ಬೇಡಮ್ಮಾ, ಇರ್ಲಿ ಬಿಡಿ. 34 ವರ್ಷ ಊರ ಮಕ್ಕಳಿಗೆಲ್ಲ ಗುಡ್ ಹಾಕಿದೀನಿ. ಸುಮ್ನೆ ಬದುಕಿದ್ದಕ್ಕೆ ನಂಗೆ ಸ್ಟಾರ್ ಸಿಕ್ತಿರೋದು ಇದೇ ಮೊದಲು."

ಅವರ ಹಿಂದಿದ್ದ ಅಜ್ಜಿ ಫಾರಂ ಮುಂದೆ ಚಾಚಿದರು. "ನಂದಕ್ಕೂ ಒಂದು ಅಂಟಿಸವ್ವಾ." ಸ್ಟಾಕ್ ಇಲ್ಲ ಅಂದದ್ದಕ್ಕೆ, "ಗಂಡಸರಿಗೆ ಮಾತ್ರ ಕೊಡ್ತೀರೇನು?" ಅಂತ ಜಗಳಕ್ಕೆ ನಿಂತರು.

ಸಂಜೆ ಫಾರಂಗಳ ಕಟ್ಟು ಮ್ಯಾನೇಜರ್ ಟೇಬಲ್ಲಿಗೆ ಹೋಯಿತು. ಒಂದೊಂದೇ ತಿರುವುತ್ತಾ ಮೇಷ್ಟ್ರ ಫಾರಂ ಹತ್ತಿರ ಬಂದು ನಿಂತರು. ಸ್ಟಾರ್ ನೋಡಿದರು, ನನ್ನ ನೋಡಿದರು, ನನ್ನ ಕೈಯಲ್ಲಿದ್ದ ಒನಕೆ ನೋಡಿದರು.

"ಎಲ್ಲಾ ಸರಿ ಮೇಡಂ. ಸಹಿ ಕೆಳಗೆ ತಾರೀಖು ಹಾಕಿಲ್ಲ ನೋಡಿ."