ಮೋರಿ ನೋಡುವ ಪ್ರವಾಸಿ

ನನ್ನನ್ನು ಕರೆದುಕೊಂಡು ಇನ್ನು ಯಾವ ಊರಿಗೂ ಹೋಗಬಾರದೆಂಬ ಠರಾವು ಬಸವನಗುಡಿಯ ನಮ್ಮ ಮನೆಯಲ್ಲಿ ಈಚೆಗೆ ಅಂಗೀಕಾರವಾಗಿದೆ. ಮಂಡಿಸಿದವರು ಅಪ್ಪ, ಅನುಮೋದಿಸಿದವರು ಸೋದರತ್ತೆ, ತಟಸ್ಥರಾಗಿ ಉಳಿದವರು ಅಮ್ಮ. ಸಾಕ್ಷ್ಯವಾಗಿ ಹಾಜರುಪಡಿಸಿದ್ದು ನನ್ನ ಮೊಬೈಲಿನಲ್ಲಿದ್ದ ಪ್ರವಾಸದ ಫೋಟೋಗಳನ್ನು. ಅವುಗಳಲ್ಲಿ ಮನೆಯವರ ಮುಖವೆಂಬುದು ಎಲ್ಲಿಯೂ ಇಲ್ಲ; ಇರುವುದು ಮೋರಿಯ ಜಾಲರಿ, ಕಲ್ಲುಹಾಸಿನ ಸಂದು, ಮೆಟ್ಟಿಲಿನ ಅಂಚು, ಮತ್ತು ಅಳತೆಯ ಅಂದಾಜು ಸಿಗಲೆಂದು ಪಕ್ಕದಲ್ಲಿ ಊರಿದ ನನ್ನದೇ ಚಪ್ಪಲಿಗಾಲು. ಒಂದೆರಡು ಚಿತ್ರಗಳಲ್ಲಿ ಅತ್ತೆಯ ರೇಷ್ಮೆ ಸೀರೆಯ ಅಂಚು ಕಾಣುವುದು ನಿಜ, ಆದರೆ ಅದು ಅವರು ಅಡ್ಡ ಬಂದದ್ದರಿಂದ ಬಿದ್ದದ್ದೆಂಬುದು ನೋಡಿದವರಿಗೆಲ್ಲ ಗೊತ್ತಾಗುತ್ತದೆ.

ನಾನು ಓದುತ್ತಿರುವುದು ಲ್ಯಾಂಡ್‌ಸ್ಕೇಪ್ ವಿನ್ಯಾಸ. ನೆಂಟರಿಷ್ಟರ ಪಾಲಿಗೆ ಇದು ತೋಟದ ಕೆಲಸಕ್ಕಿಟ್ಟ ದುಬಾರಿ ಹೆಸರು. ಆದ್ದರಿಂದ ಯಾರ ಮನೆಯ ಕರಿಬೇವಿನ ಗಿಡ ಸೊರಗಿದರೂ ಅದು ಕುಂಡದ ಸಮೇತ ನಮ್ಮ ಜಗುಲಿಗೆ ಬಂದು ಕೂರುತ್ತದೆ. ನಮಗೆ ನಿಜವಾಗಿ ಕಲಿಸುವುದು ನೆಲದ ಇಳಿಜಾರನ್ನು. ‘ಮಳೆ ಬಂದರೆ ಇಲ್ಲಿನ ನೀರು ಎಲ್ಲಿಗೆ ಹೋಗುತ್ತದೆ?’ ಎಂದು ಮೇಷ್ಟ್ರು ಮೊದಲ ತರಗತಿಯಲ್ಲೇ ಕೇಳಿದ ಪ್ರಶ್ನೆ ಒಮ್ಮೆ ತಲೆ ಹೊಕ್ಕಿತೆಂದರೆ ಮುಗಿಯಿತು. ಗೋಪುರ ಎಷ್ಟೇ ಎತ್ತರವಿರಲಿ, ಅದರ ಬುಡದ ನೀರಿನ ದಾರಿ ಗೊತ್ತಾಗುವ ತನಕ ಕತ್ತು ಮೇಲೇಳುವುದಿಲ್ಲ.

ಮೇಲುಕೋಟೆಯಲ್ಲಿ ಯೋಗಾನರಸಿಂಹನ ಬೆಟ್ಟ ಹತ್ತುವಾಗ ನನ್ನ ತಲೆಯಲ್ಲಿದ್ದವನು ನರಸಿಂಹನಲ್ಲ, 17ನೆಯ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಬ್ಲಾಂಡೆಲ್. ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ ಅದರ ಅಗಲವನ್ನು ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆಯ ಅಳತೆ ಬರಬೇಕೆಂದು, ಈಗಿನ ಲೆಕ್ಕದಲ್ಲಿ ಸುಮಾರು 60ರಿಂದ 65 ಸೆಂಟಿಮೀಟರ್, ಅವನು ಸೂತ್ರ ಕಟ್ಟಿದ್ದಾನೆ. ನಾನು ಸ್ಕೇಲು ಹಿಡಿದು ಮೆಟ್ಟಿಲು ಮೆಟ್ಟಿಲಿಗೂ ಬಗ್ಗುತ್ತಿದ್ದೆ. ಅಮ್ಮ ಮುಂದೆ ಹತ್ತುತ್ತ, ಅಲ್ಲಲ್ಲಿ ನಿಂತು ಮಂಡಿ ಹಿಡಿದುಕೊಂಡು ‘ನರಸಿಂಹಾ’ ಎನ್ನುತ್ತಿದ್ದರು. ಅವರು ಎಲ್ಲೆಲ್ಲಿ ದೇವರನ್ನು ಕರೆದರೋ ಅಲ್ಲಲ್ಲೇ ಕಲ್ಲಿನ ಎತ್ತರ ಸೂತ್ರವನ್ನು ಮೀರಿತ್ತೆಂಬುದು ನನ್ನ ನೋಟ್‌ಬುಕ್ಕಿನಲ್ಲಿ ದಾಖಲಾಗಿದೆ. ಹಿಂದೆ ಬರುತ್ತಿದ್ದ ಹೆಂಗಸೊಬ್ಬರು ಮೆಟ್ಟಿಲುಗಳಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದವರು, ನನ್ನ ಬಗ್ಗುವಿಕೆಯನ್ನು ಸ್ವಲ್ಪ ಹೊತ್ತು ಭಕ್ತಿಯಿಂದ ಗಮನಿಸಿ, ‘ಮಗಳ ಮದುವೆ ಹರಕೆನಾ?’ ಎಂದು ಅಮ್ಮನನ್ನು ಕೇಳಿದರು. ಬ್ಲಾಂಡೆಲ್‌ನನ್ನು ಅಷ್ಟು ಎತ್ತರದಲ್ಲಿ, ಅಷ್ಟು ಏದುಸಿರಿನಲ್ಲಿ ವಿವರಿಸುವುದಕ್ಕಿಂತ ‘ಹೌದು ಕಣ್ರೀ’ ಎನ್ನುವುದೇ ಅಮ್ಮನಿಗೆ ಸುಲಭವಾಗಿ ಕಂಡಿತು. ಆ ತಾಯಿ ನನ್ನ ಸ್ಕೇಲಿಗೂ ಒಂದು ಬೊಟ್ಟು ಕುಂಕುಮವಿಟ್ಟು ಹರಸಿದರು.

ಹಂಪಿಯ ಪ್ರಸಂಗ ಇದಕ್ಕಿಂತ ಗಂಭೀರವಾದದ್ದು. ಅಪ್ಪ ಹಂಪಿಗೆ ಹೊರಟದ್ದೇ ಕಲ್ಲಿನ ರಥಕ್ಕಾಗಿ. 50 ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಅಚ್ಚಾಗಿರುವ ರಥವನ್ನು ನಿಜವಾದ ರಥದ ಎದುರು ಹಿಡಿದು ತಾಳೆ ನೋಡಬೇಕೆಂದು ಅವರು ಗರಿಗರಿ ನೋಟೊಂದನ್ನು ಪುಸ್ತಕದ ನಡುವೆ ಇಟ್ಟು ತಂದಿದ್ದರು. ದಾರಿಯಲ್ಲಿ ಮಹಾನವಮಿ ದಿಬ್ಬ ನೋಡಿಬಿಡೋಣವೆಂದು ಇಳಿದೆವು. ದಿಬ್ಬ ಅವರು ನೋಡಿದರು. ನನಗೆ ಕಂಡದ್ದು ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಸಾಲಾಗಿ ಕೂರಿಸಿ ನೀರು ಹರಿಸಲು ಮಾಡಿದ ಕಾಲುವೆ. ಅದರ ಜಾಡು ಹಿಡಿದು ನಡೆದರೆ ಮೆಟ್ಟಿಲುಗಳ ಪುಷ್ಕರಣಿ ಸಿಗುತ್ತದೆ. 1980ರ ದಶಕದಲ್ಲಿ ಉತ್ಖನನ ನಡೆಯುವವರೆಗೂ ಮಣ್ಣಿನಡಿ ಮಲಗಿದ್ದ ಈ ಕೊಳಕ್ಕೆ ಐದು ಹಂತಗಳಿವೆ. ಸುತ್ತಲಿನ ಬೆಣಚುಬಂಡೆಗಳ ನಡುವೆ ಇದೊಂದರ ಕಲ್ಲು ಮಾತ್ರ ಕಪ್ಪು, ನಯ, ಚೂಪು ಅಂಚಿನದು. ಅವುಗಳ ಮೇಲೆ ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಸೇರಬೇಕೆಂದು ಶಿಲ್ಪಿಗಳು ಹಾಕಿಕೊಂಡ ಗುರುತುಗಳಿವೆ. ಎಂದರೆ ಇಡೀ ಕೊಳವನ್ನು ಮೊದಲು ಯೋಚನೆಯಲ್ಲಿ ಕಟ್ಟಿ ಮುಗಿಸಿ, ಆಮೇಲೆ ಇಲ್ಲಿ ತಂದು ಜೋಡಿಸಿದ್ದಾರೆ. ನಮ್ಮ ಸ್ಟುಡಿಯೋದಲ್ಲಿ ರಟ್ಟಿನ ಮಾಡೆಲ್‌ನ ತುಂಡುಗಳಿಗೆ ನಂಬರು ಬರೆಯದೆ ಕತ್ತರಿಸಿ, ಸಲ್ಲಿಸುವ ಹಿಂದಿನ ರಾತ್ರಿ ಬೆಟ್ಟದ ತುದಿ ಯಾವುದು ಕೆರೆಯ ತಳ ಯಾವುದು ಎಂದು ಹುಡುಕುವವರಿಗೆ ಮಾತ್ರ ಈ ಗುರುತುಗಳ ಬೆಲೆ ತಿಳಿಯುತ್ತದೆ.

ನಾನು ಬೆಲೆ ತಿಳಿಯುತ್ತಿದ್ದಷ್ಟು ಹೊತ್ತೂ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ವಿಠ್ಠಲ ದೇವಾಲಯ ತಲುಪುವಷ್ಟರಲ್ಲಿ ಕಾವಲುಗಾರರು ಸೀಟಿ ಊದಿ ಜನರನ್ನು ಹೊರಗಟ್ಟುವ ಸಮಯವಾಗಿತ್ತು. ಅಪ್ಪ ನೋಟು ಹಿಡಿದು ರಥದ ಕಡೆಗೆ ಬಿರಬಿರನೆ ನಡೆದರೆ, ಅದು ಲಂಚಕ್ಕೆ ತೆಗೆದ ನೋಟೆಂದು ತಿಳಿದ ಕಾವಲುಗಾರ ಎರಡೂ ಕೈ ಎತ್ತಿ, ‘ಬ್ಯಾಡ್ರೀ ಸರ, ರೊಕ್ಕಾ ಒಳಗ ಇಟ್ಕೋರಿ’ ಎಂದ. ಮೂರು ದಶಕ ಸರ್ಕಾರಿ ಕೆಲಸದಲ್ಲಿ ಕೈ ಶುದ್ಧವಾಗಿ ಇಟ್ಟುಕೊಂಡಿದ್ದ ಅಪ್ಪನಿಗೆ ಈ ಅಪವಾದ ಹೇಗೆ ನಾಟಿತೆಂದರೆ, ಅವರು ಬೆಂಗಳೂರಿನವರೆಗೂ ನನ್ನೊಡನೆ ಮಾತನಾಡಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ವಾತಾವರಣ ತಿಳಿಯಾಗಲೆಂದು, ‘ಅಪ್ಪಾ, ಈ ಬಸ್ ನಿಲ್ದಾಣ ಇದೆಯಲ್ಲ, ಇದು ಧರ್ಮಾಂಬುಧಿ ಕೆರೆಯ ಅಂಗಳ, ನಾವೀಗ ನಿಂತಿರುವುದು ಕೆರೆಯೊಳಗೆ’ ಎಂದೆ. ‘ಬಸವನಗುಡಿ ಬಸ್ಸು ಈ ಕೆರೆಯ ಯಾವ ದಡಕ್ಕೆ ಬರತ್ತೆ, ಅದನ್ನ ಹೇಳು’ ಎಂದರು.

ಕಾಶ್ಮೀರಕ್ಕೆ ಹೋದಾಗ ನಾನು ಒಳ್ಳೆಯ ನಡತೆಯ ಭರವಸೆ ಕೊಟ್ಟೇ ಹೋಗಿದ್ದೆ. ಆದರೆ ನಿಶಾತ್ ಬಾಗ್‌ನಲ್ಲಿ, ನೂರ್ ಜಹಾನಳ ಅಣ್ಣ ಆಸಫ್ ಖಾನ್ ಬೆಟ್ಟದ ಇಳುಕಲಿನಲ್ಲಿ ಮಾಡಿಸಿದ ಹನ್ನೆರಡು ಅಂತಸ್ತುಗಳ ಆ ತೋಟದಲ್ಲಿ, ‘ಚಾದರ್’ ಎಂಬ ಕಲ್ಲಿನ ಇಳಿಜಾರನ್ನು ಕಣ್ಣಾರೆ ಕಂಡ ಮೇಲೆ ಭರವಸೆ ಉಳಿಯುವ ಹಾಗಿರಲಿಲ್ಲ. ಒಂದು ಅಂತಸ್ತಿನಿಂದ ಕೆಳಗಿನದಕ್ಕೆ ನೀರನ್ನು ಸುಮ್ಮನೆ ಧುಮುಕಿಸುವ ಬದಲು ಓರೆಯಾಗಿ ನಿಲ್ಲಿಸಿದ ಚಪ್ಪಡಿಯ ಮೇಲೆ ಜಾರಿಸುತ್ತಾರೆ. ಚಪ್ಪಡಿಯ ತುಂಬ ಕೆತ್ತಿದ ಉಬ್ಬುತಗ್ಗುಗಳಿಗೆ ತಾಕಿ ತೆಳ್ಳನೆಯ ನೀರೂ ಬೆಳ್ಳಗೆ ನೊರೆಯೊಡೆದು, ಇರುವುದಕ್ಕಿಂತ ಹತ್ತುಪಟ್ಟು ಹೆಚ್ಚು ನೀರಿರುವಂತೆ ಸದ್ದು ಮಾಡುತ್ತದೆ. ಬೆಂಗಳೂರಿನ ನಲ್ಲಿಗೆ ಇಂಥದೊಂದು ಚಪ್ಪಡಿ ಜೋಡಿಸಬಹುದೇ ಎಂದು ಯೋಚಿಸುತ್ತ, ಉಬ್ಬಿನ ಆಳ ನೋಡಲು ಬೆರಳಿಟ್ಟೆ. ಕೈಗೆ ಅಡ್ಡಬಂದ ನೀರು ಪಕ್ಕಕ್ಕೆ ಚಿಮ್ಮಿದ್ದು, ಬಾಡಿಗೆಯ ಕಾಶ್ಮೀರಿ ಪೋಷಾಕು ತೊಟ್ಟು, ಕೊಡ ಹಿಡಿದು ಫೋಟೋಗೆ ನಿಂತಿದ್ದ ಅತ್ತೆಯ ಮೇಲೆ. ಪೋಷಾಕಿನವನು ಒಗೆತದ ಖರ್ಚೆಂದು ಹೆಚ್ಚುವರಿ ಹಣ ವಸೂಲು ಮಾಡಿದ.

ಹೀಗಾಗಿ ಶಾಲಿಮಾರ್ ಬಾಗ್ ಹೊಕ್ಕಾಗ ಅತ್ತೆಯ ಮನಸ್ಸು ಪ್ರಸನ್ನವಾಗಿರಲಿಲ್ಲ. ನಡುವಿನ ಕಾಲುವೆ, ಸಾಲು ಕಾರಂಜಿ, ಹಂತಹಂತವಾಗಿ ಏರುವ ಹುಲ್ಲುಹಾಸು ಎಲ್ಲವನ್ನೂ ಒಮ್ಮೆ ನೋಡಿ, ‘ಇದನ್ನ ನೋಡಕ್ಕೆ ವಿಮಾನ ಹತ್ತಿ ಬರಬೇಕಿತ್ತಾ? ನಮ್ಮ ಕೆ.ಆರ್.ಎಸ್. ಇದ್ದ ಹಾಗೇ ಇದೆಯಲ್ಲೇ!’ ಎಂದರು. ಪಕ್ಕದಲ್ಲಿದ್ದ ಗುಜರಾತಿ ಕುಟುಂಬಕ್ಕೆ ಅರ್ಥವಾಗಲಿಲ್ಲವೆಂದು ಅಪ್ಪ ಸಮಾಧಾನಪಟ್ಟುಕೊಂಡರು. ನನಗೆ ಮಾತ್ರ ಅತ್ತೆಯ ಕಾಲಿಗೆ ಬೀಳಬೇಕೆನಿಸಿತು. ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1927ರಲ್ಲಿ ಆರಂಭವಾಗಿ 1932ಕ್ಕೆ ಮುಗಿದ ಬೃಂದಾವನವನ್ನು ರೂಪಿಸಿದ್ದೇ ಜಹಾಂಗೀರ್ 1619ರಲ್ಲಿ ಆರಂಭಿಸಿದ ಈ ಶಾಲಿಮಾರನ್ನು ಮಾದರಿಯಾಗಿಟ್ಟುಕೊಂಡು; ನಾವು ಒಂದು ಸೆಮಿಸ್ಟರ್ ಓದಿ ತಿಳಿದದ್ದನ್ನು ಅತ್ತೆ ಒದ್ದೆ ಬಟ್ಟೆಯಲ್ಲಿ ನಿಂತು ಒಂದೇ ನೋಟಕ್ಕೆ ಹೇಳಿದ್ದರು. ‘ಸಂಜೆ ಲೈಟ್ ಹಾಕ್ತಾರಾ?’ ಎಂಬುದು ಅವರ ಮುಂದಿನ ಪ್ರಶ್ನೆ. ಬೀಳುವ ನೀರಿನ ಹಿಂದೆ ಗೋಡೆಯಲ್ಲಿ ಸಾಲಾಗಿ ಇರುವ ಪುಟ್ಟ ಗೂಡುಗಳನ್ನು ತೋರಿಸಿ, ಮೊಗಲರ ಕಾಲದಲ್ಲಿ ರಾತ್ರಿ ಅಲ್ಲಿ ದೀಪ ಇಡುತ್ತಿದ್ದರೆಂದೂ, ನೀರಿನ ಪರದೆಯ ಹಿಂದಿನಿಂದ ಅವು ಮಿನುಗುತ್ತಿದ್ದವೆಂದೂ ವಿವರಿಸಿದೆ. ‘ಈಗ ಹಾಕಲ್ಲ ತಾನೆ? ಹಾಗಾದ್ರೆ ಕೆ.ಆರ್.ಎಸ್.ಸೇ ವಾಸಿ’ ಎಂದು ಅತ್ತೆ ತೀರ್ಪು ಕೊಟ್ಟರು.

ಕಾಲೇಜಿನಿಂದ ಚಂಡೀಗಢಕ್ಕೆ ಹೋದದ್ದನ್ನು ಮನೆಯವರು ಪ್ರವಾಸವೆಂದು ಪರಿಗಣಿಸುವುದಿಲ್ಲವಾದ್ದರಿಂದ ಹೆಚ್ಚು ಹೇಳುವುದಿಲ್ಲ. ರಸ್ತೆ ಇನ್‌ಸ್ಪೆಕ್ಟರಾಗಿದ್ದ ನೇಕ್ ಚಂದ್ 1957ರಿಂದ ಯಾರಿಗೂ ತಿಳಿಯದಂತೆ ಕಾಡಿನ ಮರೆಯಲ್ಲಿ ಒಡೆದ ಬಳೆ, ಪಿಂಗಾಣಿ ಚೂರು, ಮುರಿದ ಬೇಸಿನ್‌ಗಳಿಂದ ಕಟ್ಟಿದ ಬಂಡೆತೋಟದ ಚಿತ್ರಗಳನ್ನು ಅಮ್ಮನಿಗೆ ಕಳುಹಿಸಿದೆ. ಅಟ್ಟದ ಮೇಲಿನ ಒಡಕು ಕಪ್ಪು ಬಸಿಗಳನ್ನು ಎಸೆಯಬೇಕೆಂಬ ಅಪ್ಪನ ಹಳೆಯ ಬೇಡಿಕೆ ಅಂದಿನಿಂದ ಶಾಶ್ವತವಾಗಿ ತಿರಸ್ಕೃತವಾಗಿದೆ.

ಠರಾವು ಅಂಗೀಕಾರವಾದ ಮೇಲೆ ನನ್ನ ಸಂಚಾರ ಊರೊಳಗೇ ಸೀಮಿತವಾಗಿದೆ, ಆದರೆ ಅಪಾಯ ಕಡಿಮೆಯಾಗಿಲ್ಲ. ಬೆಂಗಳೂರಿನ ಬೀದಿಯಲ್ಲಿ ಅಳತೆಯ ಟೇಪು ಬಿಚ್ಚುವುದು ಸಾಮಾನ್ಯ ಕೃತ್ಯವಲ್ಲ. ಜಯನಗರದ ರಸ್ತೆಯೊಂದರಲ್ಲಿ ಸಾಲುಮರಗಳ ಗಣತಿ ಮಾಡಬೇಕಾಗಿತ್ತು, ನೆಲದಿಂದ 1.37 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆಯುವುದು ಕ್ರಮ. ಟೇಪು ಹೊರಬಂದ ಕೂಡಲೆ ಕಾಂಡಿಮೆಂಟ್ಸ್ ಅಂಗಡಿಯವರು ಗಲ್ಲಾ ಬಿಟ್ಟು ಬಂದು ‘ರೋಡ್ ವೈಡನಿಂಗಾ ಮೇಡಂ?’ ಎಂದರು, ಎಳನೀರಿನವನು ‘ಮೆಟ್ರೋ ಇರಬೇಕು’ ಎಂದು ತನ್ನಷ್ಟಕ್ಕೆ ನಿರ್ಧರಿಸಿ ಗಾಡಿ ಆಚೆಗೆ ಸರಿಸಿದ. ಭಾರಿ ಮಳೆಮರವೊಂದನ್ನು ತಬ್ಬಿ, ಟೇಪಿನ ಇನ್ನೊಂದು ತುದಿಗಾಗಿ ನಾನು ಕೈ ಚಾಚುತ್ತಿದ್ದಾಗ ಎದುರು ಮನೆಯ ಗೇಟು ಸದ್ದಾಯಿತು.

‘ಮರ ಕಡಿಯಕ್ಕೆ ಬಂದ್ಯಾ? ಮುಟ್ಟು ನೋಡೋಣ!’ ಎಂದು ಬಂದ ಅಜ್ಜಿಯ ಕೈಯಲ್ಲಿ ಕಾಗೆ ಓಡಿಸುವ ಕೋಲಿತ್ತು. ನಾನು ಗುರುತಿನ ಚೀಟಿ ತೋರಿಸಿ, ಓದುವ ಹುಡುಗಿಯೆಂದು ನಂಬಿಸುವಷ್ಟರಲ್ಲಿ ಸಾಕಾಯಿತು. ಆಮೇಲೆ ಕಾಫಿ ಬಂತು. ಈ ಮರದ ಎಲೆಗಳು ಮೋಡ ಕವಿದಾಗ ಮಡಚಿಕೊಳ್ಳುತ್ತವೆಂದು ನಾವು ಪುಸ್ತಕದಲ್ಲಿ ಓದಿರುತ್ತೇವೆ. ಅಜ್ಜಿ ಅದನ್ನು ನೋಡಿಯೇ ಮಹಡಿಯ ಮೇಲಿನ ಸಂಡಿಗೆಯನ್ನು ಒಳಗೆ ತರುತ್ತಾರಂತೆ. ಸುತ್ತಳತೆಯಿಂದ ನಾನು ಕಟ್ಟಿದ ವಯಸ್ಸಿನ ಅಂದಾಜನ್ನು ಅವರು ಒಪ್ಪಲಿಲ್ಲ. ‘ನಮ್ಮ ದೊಡ್ಡವನು ಹುಟ್ಟಿದ ವರ್ಷ ನೆಟ್ಟಿದ್ದು, ಅವನಿಗೆ ರಿಟೈರ್ ಆಯ್ತು’ ಎಂದರು. ನಾನು ಅಂದಾಜನ್ನು ಹೊಡೆದುಹಾಕಿ ದೊಡ್ಡವರ ವಯಸ್ಸನ್ನೇ ಬರೆದುಕೊಂಡೆ.

ಲೋಟ ಹಿಂತಿರುಗಿಸುವಾಗ ಅಜ್ಜಿ ದನಿ ತಗ್ಗಿಸಿ, ಮಹಡಿಯ ಕಿಟಕಿಗೆ ತಾಗುತ್ತಿದ್ದ ಕೊಂಬೆಯೊಂದನ್ನು ಕೋಲಿನಿಂದ ತೋರಿಸಿದರು. ‘ಅದೊಂದನ್ನ ಮಾತ್ರ ಕಡಿಸಿಕೊಡಮ್ಮ, ರಾತ್ರಿಯೆಲ್ಲ ಗಾಜಿಗೆ ಬಡಿಯತ್ತೆ.’ ಕಡಿಸುವ ಅಧಿಕಾರ ನನಗಿಲ್ಲ, ನಾನು ಬರೀ ಅಳತೆ ತೆಗೆದುಕೊಂಡು ಹೋಗುವವಳು ಎಂದೆ. ಅವರು ನನ್ನನ್ನೂ ಟೇಪನ್ನೂ ಮತ್ತೊಮ್ಮೆ ನೋಡಿದರು.

‘ಮತ್ತೆ ಇದನ್ನ ಮೊದಲೇ ಹೇಳೋದಲ್ವಾ? ಸುಮ್ನೆ ಕಾಫಿ ಕೊಟ್ಟೆ.’