ಹುಳು ಒಗ್ಗಿಕೊಂಡಿಲ್ಲ

ರಾಯಚೂರು, ಯಾದಗಿರಿ ಕಡೆ ಹತ್ತಿ ಬೆಳೆಯುವ ಯಾರನ್ನೇ ಕೇಳಿ, ಹುಳು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವ ಬಿಟಿ ಹತ್ತಿಯಲ್ಲಿ ಗುಲಾಬಿ ಕಾಯಿಕೊರಕ ಹುಳು ಯಾಕೆ ಸಾಯುತ್ತಿಲ್ಲ ಅಂತ. "ಹುಳ ವಿಷಕ್ಕೆ ಒಗ್ಗಿಕೊಂಡದ" ಅನ್ನುತ್ತಾರೆ. ಓದಿದವರು ಬರೆಯುವುದೂ ಅದನ್ನೇ. ನನ್ನ ತಕರಾರು ಈ ಒಂದು ಮಾತಿನ ಮೇಲೆ. ಯಾವ ಹುಳುವೂ ಒಗ್ಗಿಕೊಂಡಿಲ್ಲ. ಸಾಯುವಂಥವು ಸತ್ತವು, ಹುಟ್ಟುವಾಗಲೇ ಸ್ವಲ್ಪ ಬೇರೆ ಇದ್ದ ಬೆರಳೆಣಿಕೆಯವು ಉಳಿದು ಸಂತಾನ ಬೆಳೆಸಿದವು. 1859ರಲ್ಲಿ ಡಾರ್ವಿನ್ ಮುಂದಿಟ್ಟ ನೈಸರ್ಗಿಕ ಆಯ್ಕೆಯ ತಿರುಳು ಇದೇ. ವಿಕಾಸವಾದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಎಲ್ಲಿ ಅಂತ ಕೇಳುವವರಿಗೆ ಪಳೆಯುಳಿಕೆಗಿಂತ ಮೊದಲು ಒಂದು ಹತ್ತಿ ಕಾಯಿ ಒಡೆದು ತೋರಿಸಬೇಕು.

ಒಡೆಯುವಾಗ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಮೊಟ್ಟೆಯಿಂದ ಹೊರಬಂದ ಮರಿ ಸ್ವಲ್ಪ ಹೊತ್ತಿನಲ್ಲೇ ಕಾಯಿ ಕೊರೆದು ಒಳಹೊಕ್ಕುಬಿಡುತ್ತದೆ, ಹೊಕ್ಕ ತೂತು ಮುಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಸಿಂಪಡಿಸಿದರೂ ಔಷಧಿ ಅದಕ್ಕೆ ತಾಗುವುದಿಲ್ಲ. ಒಳಗೆ ಮೊದಲು ಬೆಳ್ಳಗಿದ್ದು, ಬೆಳೆದಂತೆ ಗುಲಾಬಿ ಬಣ್ಣಕ್ಕೆ ತಿರುಗಿ, ಒಂದು ಬೀಜದಿಂದ ಇನ್ನೊಂದು ಬೀಜಕ್ಕೆ ಹೋಗುತ್ತಾ ತಿನ್ನುತ್ತದೆ. ಬೀಜದಿಂದ ಬೀಜಕ್ಕೆ ಹೋಗುವ ಈ ಚಾಳಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಿಟಿ ಹತ್ತಿಗೆ ಮೊದಲು ಸೇರಿಸಿದ ವಿಷ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಪ್ರೋಟೀನು. ಹುಳುವಿನ ಕರುಳಿನ ಗೋಡೆಯ ಮೇಲೆ ಕ್ಯಾಡ್‌ಹೆರಿನ್ ಅನ್ನುವ ಇನ್ನೊಂದು ಪ್ರೋಟೀನಿದೆ. ವಿಷ ಅದಕ್ಕೆ ಅಂಟಿಕೊಂಡರೆ ಕರುಳು ತೂತಾಗಿ ಹುಳು ಸಾಯುತ್ತದೆ. ಕ್ಯಾಡ್‌ಹೆರಿನ್ ಮಾಡುವ ಜೀನ್ ಕೆಟ್ಟಿದ್ದರೆ ವಿಷಕ್ಕೆ ಅಂಟಲು ಜಾಗವೇ ಇಲ್ಲ. ಜೀನ್ ಕೆಡುವುದು ವಿಷ ತಿಂದದ್ದಕ್ಕಲ್ಲ. ಜೀನ್ ನಕಲಾಗುವಾಗಿನ ತಪ್ಪಿನಂಥ ಕಾರಣಗಳಿಂದ, ವಿಷ ಇರಲಿ ಬಿಡಲಿ, ಎಲ್ಲೋ ಒಂದರಲ್ಲಿ. ಅಮೆರಿಕದ ಅರಿಜೋನಾದಲ್ಲಿ ಹಿಡಿದ ಹುಳುಗಳನ್ನು ಪ್ರಯೋಗಾಲಯದಲ್ಲಿ ವಿಷ ಉಣಿಸಿ ಆಯ್ದಾಗ ಕೆಟ್ಟಿದ್ದದ್ದು ಕ್ಯಾಡ್‌ಹೆರಿನ್ ಜೀನ್. ಭಾರತದ ಹೊಲಗಳಿಂದ ತಂದ ನಿರೋಧಕ ಹುಳುಗಳಲ್ಲೂ ಅದೇ ಜೀನ್, ಆದರೆ ಬೇರೆ ಬೇರೆ ಕಡೆ ಬೇರೆ ಬೇರೆ ರೀತಿಯಲ್ಲಿ ಮುರಿದದ್ದು. ಎಲ್ಲ ಹುಳುಗಳೂ ಒಟ್ಟಿಗೆ ಒಗ್ಗಿಕೊಂಡಿದ್ದರೆ ಹೀಗೆ ಹಲವು ಬಗೆಯ ಮುರುಕು ಯಾಕೆ ಸಿಗಬೇಕಿತ್ತು?

ಲೆಕ್ಕ ನೋಡಿ. ಕೆಟ್ಟ ಜೀನ್ ಸಾವಿರಕ್ಕೆ ಒಂದು ಇದೆ ಅಂದುಕೊಳ್ಳೋಣ. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟದ್ದೇ ಬಂದ ಹುಳು ಹತ್ತು ಲಕ್ಷಕ್ಕೆ ಒಂದು. ಒಂದು ಕಡೆಯಿಂದ ಮಾತ್ರ ಬಂದವು ಸಾವಿರಕ್ಕೆ ಸುಮಾರು ಎರಡು, ಗಿಡದಲ್ಲಿ ವಿಷ ಸಾಕಷ್ಟಿದ್ದರೆ ಇವೂ ಸಾಯುತ್ತವೆ. ಊರೆಲ್ಲಾ ಬಿಟಿಯೇ ಬಿತ್ತಿದರೆ ಆ ಹತ್ತು ಲಕ್ಷಕ್ಕೊಂದರಂತೆ ಉಳಿದವು ತಮ್ಮತಮ್ಮಲ್ಲೇ ಕೂಡುತ್ತವೆ, ಮರಿಗಳೆಲ್ಲ ನಿರೋಧಕ. ಪಕ್ಕದಲ್ಲಿ ಬಿಟಿ ಅಲ್ಲದ ಹತ್ತಿ ಇದ್ದರೆ? ಅಲ್ಲಿಂದ ಸಾವಿರಾರು ಸಾದಾ ಪತಂಗಗಳು ಬಂದು ಇವುಗಳ ಜೊತೆ ಕೂಡುತ್ತವೆ, ಮರಿಗೆ ಒಂದೇ ಕೆಟ್ಟ ಜೀನ್ ಸಿಗುತ್ತದೆ, ಅದು ಬಿಟಿ ಗಿಡದಲ್ಲಿ ಸಾಯುತ್ತದೆ. ಬಿಟಿ ಅಲ್ಲದ ಬೀಜವನ್ನು ಸುತ್ತಲೂ ಐದು ಸಾಲು ಇಲ್ಲವೇ ಹೊಲದ ಶೇ. 20ರಷ್ಟು, ಯಾವುದು ಹೆಚ್ಚೋ ಅಷ್ಟು ಹಾಕಿ ಅಂತ ನಿಯಮ ಮಾಡಿದ್ದು ಇದಕ್ಕೇ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ನಾನ್ ಬಿಟಿ ಪೊಟ್ಟಣ ಬರುತ್ತಿತ್ತಲ್ಲ, ಅದು. ಅದನ್ನು ಬದುವಿಗೆ ಎಸೆದವರೇ ಹೆಚ್ಚು. ರೈತರನ್ನು ಬೈದು ಪ್ರಯೋಜನವಿಲ್ಲ: "ಹುಳಕ್ಕೆ ಮೇವು ಬೆಳೆಸಿ" ಅಂದರೆ ಯಾರು ಕೇಳುತ್ತಾರೆ, ಯಾಕೆ ಅಂತ ಬಿಡಿಸಿ ಹೇಳದಿದ್ದರೆ?

ಮುಂದಾದದ್ದು ದಾಖಲೆಯಲ್ಲಿದೆ. ಒಂದು ವಿಷದ ಬಿಟಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ, ಎರಡು ವಿಷದ ಬೋಲ್‌ಗಾರ್ಡ್ 2ಕ್ಕೆ 2006ರಲ್ಲಿ. ಗುಜರಾತಿನಲ್ಲಿ ಗುಲಾಬಿ ಹುಳು ಮೊದಲ ವಿಷವನ್ನು ಗೆದ್ದಿದೆ ಅಂತ ಬಿಟಿ ಹತ್ತಿ ತಂದ ಮಾನ್ಸಾಂಟೊ ಕಂಪನಿಯೇ 2010ರಲ್ಲಿ ಒಪ್ಪಿಕೊಂಡಿತು. ಕೆಲವೇ ವರ್ಷಗಳಲ್ಲಿ ಎರಡನೆಯದೂ ಹೋಯಿತು, 2017ರಲ್ಲಿ ಮಹಾರಾಷ್ಟ್ರದ ಹತ್ತಿ ನೆಲಕಚ್ಚಿತು.

ಇದರಲ್ಲಿ ಹೈಬ್ರಿಡ್ ಬೀಜದ ಪಾಲೂ ಇದೆ. ನಮ್ಮಲ್ಲಿ ಬಿತ್ತುವುದು ಹೈಬ್ರಿಡ್, ಬಿಟಿ ಜೀನ್ ತಂದೆತಾಯಿಯಲ್ಲಿ ಒಂದು ಕಡೆಯಿಂದ ಮಾತ್ರ ಬಂದಿದ್ದರೆ ಆ ಗಿಡದ ಕಾಯಿಯೊಳಗೆ ಒಂದೊಂದು ವಿಷದ ಮಟ್ಟಿಗೆ ನಾಲ್ಕರಲ್ಲಿ ಒಂದು ಬೀಜ ಸಪ್ಪೆ, ಅಂದರೆ ಆ ವಿಷವಿಲ್ಲದ್ದು. ಈಗ ಆ ಚಾಳಿ ನೆನಪಿಸಿಕೊಳ್ಳಿ. ಸಪ್ಪೆ ಬೀಜ ತಿಂದು ಬಲಿತ ಮರಿ ಆಮೇಲೆ ವಿಷದ ಬೀಜಕ್ಕೆ ಬಾಯಿ ಹಾಕುತ್ತದೆ. ಸಾಯಬೇಕಿದ್ದ ಅರೆನಿರೋಧಕ ಹುಳುವೂ ಹೀಗೆ ಉಳಿದುಕೊಳ್ಳುತ್ತದೆ.

ಹಸಿರು ಕಾಯಿಕೊರಕವನ್ನು ಪಕ್ಕಕ್ಕಿಟ್ಟು ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಅದೇ ಹೊಲ, ಅದೇ ವಿಷ. ಆದರೆ ಹಸಿರು ಹುಳು ತೊಗರಿ, ಕಡಲೆ, ಟೊಮೆಟೊ, ಸೂರ್ಯಕಾಂತಿ ಎಲ್ಲ ತಿನ್ನುತ್ತದೆ. ವಿಷವಿಲ್ಲದ ಮೇವು ಅದಕ್ಕೆ ಊರ ತುಂಬಾ. ಗುಲಾಬಿ ಹುಳು ಹೆಚ್ಚುಕಡಿಮೆ ಹತ್ತಿಯನ್ನೇ ನಂಬಿ ಬದುಕುವಂಥದ್ದು. ಬೋಲ್‌ಗಾರ್ಡ್ 2ಕ್ಕೆ ತಿರುಗಿ ಬಿದ್ದದ್ದು ಗುಲಾಬಿ. ಹಸಿರು ಆ ಮಟ್ಟಕ್ಕೆ ಬಂದಿಲ್ಲ. ಬಿಟಿ ಅಲ್ಲದ ಹತ್ತಿಯ ಬದಲು ಬದುವಿನಲ್ಲಿ ತೊಗರಿ ಹಾಕಿ "ಆಸರೆ ಬೆಳೆ ಆಯ್ತು" ಅನ್ನುವವರಿಗೂ ಇದೇ ಉತ್ತರ, ಅದು ಹಸಿರು ಹುಳುವಿಗೆ ಆಸರೆ, ಗುಲಾಬಿಗಲ್ಲ.

ಬೇರೆ ಎರಡು ದೇಶಗಳದ್ದೂ ಹೇಳಬೇಕು. ಅರಿಜೋನಾದಲ್ಲಿ 1996ರಿಂದ ಬಿಟಿ ಬಿತ್ತಿ, ಬಿಟಿ ಅಲ್ಲದ ಹತ್ತಿಯನ್ನೂ ನಿಯಮದಂತೆ ಉಳಿಸಿಕೊಂಡರು. ಹತ್ತು ವರ್ಷವಾದರೂ ನಿರೋಧಕತೆ ಏರಲಿಲ್ಲ. 2006ರಿಂದ ಸಂತಾನಶಕ್ತಿ ಕಳೆದ ಪತಂಗಗಳನ್ನು ವಿಮಾನದಿಂದ ಬಿಟ್ಟು, 2018ರಲ್ಲಿ ಅಮೆರಿಕದ ಹತ್ತಿ ಸೀಮೆಯಿಂದ ಈ ಹುಳು ನಿರ್ಮೂಲವಾಯಿತು ಅಂತ ಘೋಷಿಸಿದರು. ಚೀನಾದ ಯಾಂಗ್ಟ್ಸಿ ಕಣಿವೆಯಲ್ಲಂತೂ ನಿಯಮವೇ ಇರಲಿಲ್ಲ. ದುಡ್ಡು ಉಳಿಸಲು ರೈತರು ಹೈಬ್ರಿಡ್‌ನ ಎರಡನೇ ತಲೆಮಾರಿನ ಬೀಜ ಬಿತ್ತಿದರು. ಕಾಯಿಯೊಳಗಿನ ಬೆರಕೆ ಅಲ್ಲೂ ಇತ್ತು, ಆದರೆ ನಾಲ್ಕರಲ್ಲಿ ಒಂದು ಇಡೀ ಗಿಡವೇ ಸಪ್ಪೆ. ಆ ಗಿಡಗಳೇ ಸಾದಾ ಹುಳುಗಳಿಗೆ ಆಸರೆಯಾಗಿ, ಆಗಲೇ ಏರತೊಡಗಿದ್ದ ನಿರೋಧಕತೆ ಇಳಿಯಿತು.

"ಹುಳು ಹುಳುವಾಗೇ ಉಳಿಯಿತಲ್ಲ" ಅನ್ನುವವರಿಗೆ: ಹೌದು, ಹದಿನೈದು ವರ್ಷದಲ್ಲಿ ಹೊಸ ಜೀವಜಾತಿ ಹುಟ್ಟಲಿಲ್ಲ. ಹೊಸ ಜಾತಿ ಹುಟ್ಟುವುದಕ್ಕೆ ಸಾಕ್ಷಿ ಡಿಎನ್‌ಎಯಲ್ಲಿ, ಪಳೆಯುಳಿಕೆಯಲ್ಲಿ ಬೇರೆಯೇ ಇದೆ. ಇಲ್ಲಿ ಕಂಡದ್ದು ಅದರ ಹಿಂದಿನ ಯಂತ್ರ.

"ಒಗ್ಗಿಕೊಂಡಿದೆ" ಅಂತ ನಂಬಿದವನು ಇನ್ನೂ ಜೋರಾದ ಔಷಧಿ ಹುಡುಕುತ್ತಾನೆ. ಆಯ್ಕೆ ಅಂತ ಅರ್ಥವಾದವನು ಉಳಿದ ಹುಳುಗಳ ಮುಂದಿನ ಪೀಳಿಗೆಯನ್ನು ಕಡಿಯುತ್ತಾನೆ. ಬಿತ್ತಿದ 45 ದಿನಕ್ಕೆ ಎಕರೆಗೆ ಎರಡು ಮೋಹಕ ಬಲೆ (ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆದು ಹಿಡಿಯುವಂಥದ್ದು) ಕಟ್ಟಿ. ಸತತ ಮೂರು ರಾತ್ರಿ ಬಲೆಗೆ ಎಂಟರಂತೆ ಪತಂಗ ಬಿದ್ದರೆ ಎಚ್ಚರ. ಎಕರೆಯಲ್ಲಿ ಅಲ್ಲಲ್ಲಿ ಇಪ್ಪತ್ತು ಹಸಿ ಕಾಯಿ ಕಿತ್ತು ಒಡೆಯಿರಿ, ಎರಡರಲ್ಲಿ ಹುಳು ಸಿಕ್ಕರೆ ಮಿತಿ ದಾಟಿದಂತೆ. ನೀರಿದೆ ಅಂತ ಬೆಳೆಯನ್ನು ಫೆಬ್ರವರಿ, ಮಾರ್ಚ್‌ವರೆಗೆ ಎಳೆಯಬೇಡಿ. ಹತ್ತಿ ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟಬೇಡಿ, ಒಣಗಿದ ಕಾಯಿಗಳ ಬೀಜದೊಳಗೆ ಆ ಹುಳುಗಳು ಮುಂದಿನ ಮಳೆಗಾಲದವರೆಗೆ ಮಲಗಿರುತ್ತವೆ.