ಪೊಲೀಸ್ ಪಾಟೀಲರಿರುವ ಊರಿನಿಂದ

ನಾನು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಭೀಮಾ ತೀರದ ಒಂದು ಹಳ್ಳಿಯಲ್ಲಿ. ಇಪ್ಪತ್ತೆರಡು ವರ್ಷಗಳಿಂದ ಬದುಕುತ್ತಿರುವುದು ಅದೇ ನದಿಯ ಮೇಲ್ಭಾಗದಲ್ಲಿ, ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನಲ್ಲಿ. ಉಜನಿ ಜಲಾಶಯದ ಹಿನ್ನೀರಿಗೆ ಹತ್ತಿರದ ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಎರಡೂ ಕಡೆ ಕಪ್ಪು ನೆಲ, ಕಬ್ಬು, ಜೋಳ, ತೋಟದ ವಸ್ತಿಗಳಲ್ಲಿ ಚದುರಿಕೊಂಡ ಮನೆಗಳು. ಎರಡೂ ಕಡೆ ಕಳ್ಳರ ಕಣ್ಣು ಬೀಳುವುದೂ ಅವೇ ವಸ್ತುಗಳ ಮೇಲೆ: ಪಂಪ್‌ಸೆಟ್ಟಿನ ಕೇಬಲ್ಲು, ಟ್ರಾನ್ಸ್‌ಫಾರ್ಮರಿನೊಳಗಿನ ತಾಮ್ರ, ಕುರಿ-ಮೇಕೆ, ಮೋಟಾರ್ ಸೈಕಲ್ಲು, ಬೀಗ ಹಾಕಿದ ಮನೆಯ ಟ್ರಂಕು. ವ್ಯತ್ಯಾಸವಿರುವುದು ಕಳವಾದ ಮರುದಿನ ಬೆಳಿಗ್ಗೆ ಏನಾಗುತ್ತದೆ ಎಂಬುದರಲ್ಲಿ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಣ್ಣನ ಬಾವಿಯ ಕೇಬಲ್ ಕತ್ತರಿಸಿಕೊಂಡು ಹೋಗಿ ಎರಡು ದಿನವಾಗಿತ್ತು. ದೂರು ಕೊಟ್ಟಾಯಿತೇ ಎಂದು ಕೇಳಿದ್ದಕ್ಕೆ ಅಣ್ಣ ನಕ್ಕುಬಿಟ್ಟ. "ಠಾಣೆಕ್ಕ ಹೋಗಿ ಬರೂದ್ರಾಗ ಒಂದ್ ದಿನದ ಕೆಲಸ ಹೋಗತೈತಿ, ಮತ್ತ ಪಂಚನಾಮಾಕ್ಕ ಅವರನ್ನ ಗಾಡಿ ಮ್ಯಾಲ ಕರಕೊಂಡ್ ಬರಬೇಕು. ಕೇಬಲ್ ಅಂತೂ ತಿರುಗಿ ಬರೂದಿಲ್ಲ. ಹೊಸಾದು ತಂದು ಹಾಕೀನಿ" ಎಂದ. ಅದೇ ತಿಂಗಳು ಅದೇ ದಾರಿಗುಂಟ ಇನ್ನೂ ನಾಲ್ಕು ಬಾವಿಗಳ ಕೇಬಲ್ ಹೋಗಿತ್ತಂತೆ, ಒಬ್ಬರೂ ದೂರು ಕೊಟ್ಟಿರಲಿಲ್ಲ. ಅಂದರೆ ಠಾಣೆಯ ದಾಖಲೆಯ ಪ್ರಕಾರ ನಮ್ಮ ಊರಿನಲ್ಲಿ ಕಳವೇ ಆಗಿಲ್ಲ. ಕಳವಿಲ್ಲದ ಊರಿಗೆ ರಾತ್ರಿ ಗಸ್ತು ಹೆಚ್ಚಿಸಲು ಯಾವ ಅಧಿಕಾರಿಗೂ ಕಾರಣವಿಲ್ಲ.

ಇಂದಾಪುರದ ಕಡೆ ನಮ್ಮ ನೆರೆಯವರ ಕೇಬಲ್ ಕಳವಾದಾಗ ನಡೆದದ್ದು ಇಷ್ಟು. ಬೆಳಗಿನ ಚಹಾಕ್ಕೆ ಮುಂಚೆಯೇ ಊರಿನ ಪೊಲೀಸ್ ಪಾಟೀಲರು, ಅಂದರೆ ಊರಿನ ಸುದ್ದಿಯನ್ನು ಠಾಣೆಗೆ ಮುಟ್ಟಿಸಲು ನೇಮಕವಾದ ಊರಿನವರೇ ಒಬ್ಬರು, ಬಾವಿಯ ಹತ್ತಿರ ಬಂದು ನಿಂತಿದ್ದರು. ಮೂರು ಓಣಿ ಆಚೆಗೆ ಮನೆ ಇರುವ, ಎರಡು ಮಕ್ಕಳ ತಾಯಿ ಅವರು. ಕತ್ತರಿಸಿದ ತುದಿಯನ್ನು ನೋಡಿ, ತಮ್ಮ ವಹಿಯಲ್ಲಿ ಬರೆದುಕೊಂಡು, ಠಾಣೆಯ ಬೀಟ್ ಹವಾಲ್ದಾರರಿಗೆ ಅಲ್ಲಿಂದಲೇ ಫೋನು ಮಾಡಿದರು. ಪಕ್ಕದ ಊರಿನ ಪೊಲೀಸ್ ಪಾಟೀಲರಿಂದಲೂ ಅಂಥದೇ ಸುದ್ದಿ ಬಂದಿರುವುದು ಆಗ ಗೊತ್ತಾಯಿತು. ಕೇಬಲ್ ಇಲ್ಲಿಯೂ ಸಿಗಲಿಲ್ಲ. ಆದರೆ ಕಳವು ಲೆಕ್ಕಕ್ಕೆ ಬಂತು, ಗಸ್ತಿನ ಗಾಡಿ ಆ ದಾರಿಗೆ ತಿರುಗಿತು, ಗುಜರಿ ಅಂಗಡಿಗಳವರನ್ನು ಕರೆದು ವಿಚಾರಿಸಿದರು. ನನ್ನ ಮಟ್ಟಿಗೆ ಅಪರಾಧ ತಡೆಯುವುದೆಂದರೆ ಬಹುಪಾಲು ಇಷ್ಟೇ ಕೆಲಸ: ಆದದ್ದು ಆದ ದಿನವೇ ತಿಳಿಯಬೇಕಾದವರಿಗೆ ತಿಳಿಯುವುದು.

ಈ ಪೊಲೀಸ್ ಪಾಟೀಲಿಕೆ ಮಹಾರಾಷ್ಟ್ರದ ಸ್ವಂತ ಸೊತ್ತೇನೂ ಅಲ್ಲ. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆಯ ಕಾಲದಲ್ಲಿ ಬೆಳಗಾವಿ, ಧಾರವಾಡಗಳಂತೆ ಬಾಗಲಕೋಟೆಯನ್ನೂ ಒಳಗೊಂಡಿದ್ದ ಅಂದಿನ ವಿಜಾಪುರ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆಗ ಊರಿನ ಗೌಡರೇ ಊರಿನ ಪೊಲೀಸ್ ಪಾಟೀಲರು, ಅವರ ಕೈಕೆಳಗೆ ತಳವಾರರು, ವಾಲೀಕಾರರು. ಅಪರಿಚಿತರು ಊರಿನಲ್ಲಿ ಉಳಿದರೆ ವಿಚಾರಿಸುವುದು, ಸಂಶಯದ ಸಾವಾದರೆ ಠಾಣೆಗೆ ಸುದ್ದಿ ಮುಟ್ಟಿಸುವುದು ಅವರ ಹೊಣೆ. ಹುದ್ದೆ ವಂಶಪಾರಂಪರ್ಯದ್ದು, ಅದಕ್ಕೆ ವತನದ, ಎಂದರೆ ಉಂಬಳಿಯ, ಹೊಲ. ಆ ಏರ್ಪಾಟಿನಲ್ಲಿ ಕೇರಿಯವರ ಮಾತಿಗೆ ಎಷ್ಟು ಬೆಲೆಯಿತ್ತು, ಗೌಡರ ಮನೆಯವರೇ ತಪ್ಪು ಮಾಡಿದರೆ ಸುದ್ದಿ ಎಲ್ಲಿಯವರೆಗೆ ಹೋಗುತ್ತಿತ್ತು ಎಂಬುದನ್ನು ನಮ್ಮ ಅಜ್ಜಿ ಹೇಳುತ್ತಿದ್ದಳು, ಅದೂ ದನಿ ತಗ್ಗಿಸಿ. ಆದ್ದರಿಂದ 1961ರ ಕಾಯ್ದೆಯ ಮೂಲಕ ನಮ್ಮ ರಾಜ್ಯ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡಿದ್ದರ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ.

ತಕರಾರಿರುವುದು ಆಮೇಲೆ ಆದದ್ದರ ಬಗ್ಗೆ. ಮಹಾರಾಷ್ಟ್ರವೂ ವತನವನ್ನು ತೆಗೆದುಹಾಕಿತು. ಆದರೆ 1967ರಲ್ಲಿ ಹೊಸ ಗ್ರಾಮ ಪೊಲೀಸ್ ಕಾಯ್ದೆ ತಂದು ಹುದ್ದೆಯನ್ನು ಉಳಿಸಿಕೊಂಡು ವಂಶವನ್ನು ಮಾತ್ರ ಬಿಟ್ಟಿತು. ಈಗ ಹತ್ತನೆಯ ತರಗತಿ ಪಾಸಾದ, 25ರಿಂದ 45 ವರ್ಷದೊಳಗಿನ, ಅದೇ ಊರಿನ ನಿವಾಸಿ ಲಿಖಿತ ಪರೀಕ್ಷೆ ಮತ್ತು ಸಂದರ್ಶನದ ಮೂಲಕ ಆಯ್ಕೆಯಾಗುತ್ತಾರೆ. ಮೀಸಲಾತಿಯಿದೆ, ಮಹಿಳೆಯರಿದ್ದಾರೆ. ಗೌರವಧನವನ್ನು 2024ರಲ್ಲಿ ತಿಂಗಳಿಗೆ 15,000 ರೂಪಾಯಿಗೆ ಏರಿಸಿದರು. ಪೊಲೀಸ್ ಪಾಟೀಲರಿಗೆ ಸಮವಸ್ತ್ರವಿಲ್ಲ, ಲಾಠಿಯಿಲ್ಲ; ಇರುವುದು ಊರಿನಲ್ಲಿ ನಡೆಯುವುದನ್ನು ತಿಳಿದುಕೊಂಡು ತಿಳಿಸಬೇಕಾದ ಲಿಖಿತ ಕರ್ತವ್ಯ. ನಮ್ಮ ಕಡೆ ಆ ಜಾಗ ಖಾಲಿ ಉಳಿಯಿತು. ಗ್ರಾಮ ರಕ್ಷಣಾ ದಳಗಳಿಗಾಗಿ ನಮ್ಮಲ್ಲಿಯೂ 1964ರ ಕಾಯ್ದೆಯೊಂದು ಇದೆ. ಆದರೆ ನನ್ನ ಊರಿನಲ್ಲಿ ಅಂಥ ದಳವನ್ನು ನಾನು ನೋಡಿದ್ದಿಲ್ಲ, ನನ್ನ ತಂದೆಯೂ ನೋಡಿದ್ದನ್ನು ಹೇಳಲಿಲ್ಲ.

ಕರ್ನಾಟಕ ಪೊಲೀಸರು ಏನೂ ಮಾಡಿಲ್ಲವೆಂದರೆ ಅನ್ಯಾಯವಾಗುತ್ತದೆ. 2017ರಲ್ಲಿ ಬಂದ ಸುಧಾರಿತ ಗಸ್ತು ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ಪೇದೆಗೂ ಮುಖ್ಯ ಪೇದೆಗೂ ಒಂದೊಂದು ಊರನ್ನೋ ಬಡಾವಣೆಯನ್ನೋ ಒಪ್ಪಿಸಿ, ಊರಿನವರ ಸಮಿತಿಯನ್ನೂ ಮಾಡಿದರು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮ ಬಂತು; ಬೀಟ್ ಪೊಲೀಸರು ಮನೆಮನೆಗೆ ಹೋಗಿ ಜನರ ಅಹವಾಲು ಕೇಳಬೇಕೆಂಬುದು ಅದರ ಉದ್ದೇಶ. ಯೋಚನೆ ಒಳ್ಳೆಯದೇ. ಆದರೆ ಅದೇ ಬೀಟ್ ಪೊಲೀಸರು ಜಾತ್ರೆಯ ಬಂದೋಬಸ್ತಿಗೂ, ನ್ಯಾಯಾಲಯದ ಸಮನ್ಸ್ ಮುಟ್ಟಿಸಲಿಕ್ಕೂ, ಮಂತ್ರಿಗಳ ಪ್ರವಾಸಕ್ಕೂ ಹೋಗಬೇಕು. ಊರಿನ ಸಂದುಗೊಂದು ಗೊತ್ತಾಗುವಷ್ಟರಲ್ಲಿ ಅವರಿಗೆ ವರ್ಗಾವಣೆ. ಇದು ಅವರ ತಪ್ಪಲ್ಲ. ಹೊರಗಿನಿಂದ ಬಂದು ಹೋಗುವವರಿಗೆ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ, ಊರು ತನ್ನ ಒಳಮಾತನ್ನು ಬಿಟ್ಟುಕೊಡುವುದಿಲ್ಲ. ಜೀಪು ಬಂದರೆ ಕಟ್ಟೆಯ ಮೇಲಿನವರು ಎದ್ದು ನಿಂತು "ಎಲ್ಲಾ ಬರೋಬ್ಬರಿ ಐತ್ರಿ ಸಾಹೇಬ್ರ" ಎಂದು ಹೇಳಿ ಕಳಿಸುವುದನ್ನು ನಾನೇ ನೋಡಿದ್ದೇನೆ. ಒಮ್ಮೆ ನಾನೂ ಹಾಗೆಯೇ ಹೇಳಿದ್ದೇನೆ.

ನಮ್ಮ ಜಿಲ್ಲೆಗೆ ವಿಶೇಷವಾದ ಒಂದು ಸಂಗತಿಯಿಂದ ಈ ಕೊರತೆ ಇನ್ನೂ ಹೆಚ್ಚುತ್ತದೆ. ದಸರೆ ಮುಗಿಯುತ್ತಿದ್ದಂತೆ ಇಂಡಿ, ಸಿಂದಗಿ ಕಡೆಯ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಗುಳೆ ಹೋಗುತ್ತವೆ. ನಮ್ಮ ಕಾರ್ಖಾನೆಯ ಅಂಗಳದಲ್ಲಿ ಪ್ರತಿ ಹಂಗಾಮಿನಲ್ಲೂ ಕನ್ನಡ ಕೇಳಿಸುವುದು ಅವರಿಂದಲೇ. ನಾಲ್ಕೈದು ತಿಂಗಳು ಅವರ ಮನೆಗಳಿಗೆ ಬೀಗ, ಇಲ್ಲವೇ ಒಳಗೆ ಒಬ್ಬ ಮುದುಕಿ ಮತ್ತು ಶಾಲೆಗೆ ಹೋಗುವ ಮೊಮ್ಮಕ್ಕಳು. ಯಾವ ಮನೆಗೆ ಬೀಗ, ಯಾವ ವಸ್ತಿಯಲ್ಲಿ ಮುದುಕರಷ್ಟೇ ಇದ್ದಾರೆ, ಯಾವ ಹುಡುಗಿಯ ಮದುವೆಯನ್ನು ವಯಸ್ಸು ತುಂಬುವ ಮೊದಲೇ ಗುಟ್ಟಾಗಿ ಗೊತ್ತು ಮಾಡಿದ್ದಾರೆ ಎಂಬ ಪಟ್ಟಿ ಊರಿನಲ್ಲಿ ಎಲ್ಲರ ತಲೆಯಲ್ಲೂ ಇರುತ್ತದೆ, ಕಳ್ಳರ ತಲೆಯಲ್ಲೂ. ಇಲ್ಲದಿರುವುದು ಠಾಣೆಯಲ್ಲಿ ಮಾತ್ರ. ಇಂದಾಪುರದ ನಮ್ಮ ಪೊಲೀಸ್ ಪಾಟೀಲರು ಪಂಢರಪುರದ ಆಷಾಢಿ ವಾರಿಯ ಪಾದಯಾತ್ರೆಗೆ ಹೊರಡುವವರ ಹೆಸರನ್ನು ಬರೆದಿಟ್ಟುಕೊಂಡು, ಬೀಗ ಹಾಕಿದ ಮನೆಗಳ ಕಡೆ ರಾತ್ರಿ ಒಂದು ಸುತ್ತು ಹಾಕಿಸುತ್ತಾರೆ. ಕಾಯ್ದೆಯಲ್ಲಿ ಹಾಗೆ ಬರೆದಿಲ್ಲವಂತೆ; ಅವರಿಗೆ ಹೊಳೆದದ್ದು, ಮಾಡುತ್ತಾರೆ.

ಇಂದಾಪುರದ ಕಡೆ ನನಗೆ ಮೆಚ್ಚಿಕೆಯಾದ ಇನ್ನೊಂದು ಸಾಧನ ಫೋನಿನದು. ಗ್ರಾಮ ಸುರಕ್ಷಾ ಯಂತ್ರಣಾ ಎಂದು ಅದರ ಹೆಸರು. ಆಪತ್ತಿನಲ್ಲಿರುವವರು ಒಂದು ಸಂಖ್ಯೆಗೆ ಕರೆ ಮಾಡಿ ಮಾತಾಡಿದರೆ, ನೋಂದಾಯಿಸಿಕೊಂಡ ಊರಿನವರೆಲ್ಲರ ಫೋನುಗಳೂ ಒಟ್ಟಿಗೆ ಬಾರಿಸಿ ಅದೇ ದನಿ ಕೇಳಿಸುತ್ತದೆ. ಕಳ್ಳರು ಬಂದರೂ, ಬೆಂಕಿ ಬಿದ್ದರೂ, ಮಗು ಕಾಣೆಯಾದರೂ, ಚಿರತೆ ಕಂಡರೂ ಅದೇ ಸಂಖ್ಯೆ. ನನ್ನ ಫೋನಿಗೆ ಮೊದಲ ಸಲ ಅಂಥ ಕರೆ ಬಂದಾಗ ಯಾರೋ ಒಬ್ಬರು ತಮ್ಮ ಎಮ್ಮೆ ಬಿಚ್ಚಿಕೊಂಡು ಹೋಗಿರುವುದಾಗಿ ಹೇಳುತ್ತಿದ್ದರು. ಎಮ್ಮೆ ಅರ್ಧ ಗಂಟೆಯಲ್ಲಿ ಸಿಕ್ಕಿತು.

ಆದರೆ ಎಲ್ಲರ ಫೋನೂ ಒಟ್ಟಿಗೆ ಬಾರಿಸುವ ಊರಿನಲ್ಲಿ ಎಲ್ಲರೂ ಕೋಲು ಹಿಡಿದು ಒಟ್ಟಿಗೆ ಹೊರಗೆ ಬರುವ ಅಪಾಯವೂ ಇದೆ, ಮತ್ತು ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. 2024ರ ಮಳೆಗಾಲದಲ್ಲಿ ಪುಣೆ ಜಿಲ್ಲೆಯ ನಮ್ಮ ಭಾಗದ ತಾಲ್ಲೂಕುಗಳಲ್ಲಿ ರಾತ್ರಿ ಡ್ರೋನ್ ಹಾರಿಸಿ ಕಳ್ಳರು ಮನೆ ನೋಡಿಕೊಂಡು ಹೋಗುತ್ತಾರೆಂಬ ಸುದ್ದಿ ಹಬ್ಬಿ, ಊರೂರಿನ ಗಂಡಸರು ನಿದ್ದೆಗೆಟ್ಟು ಕಾದರು. ಮಕ್ಕಳ ಕಳ್ಳರೆಂಬ ವದಂತಿಯಿಂದ 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಐವರು ಅಲೆಮಾರಿಗಳನ್ನು ಹೊಡೆದು ಕೊಂದರು. ಎರಡೇ ವಾರದೊಳಗೆ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನ ಪ್ರಾಣ ಹೋಯಿತು. 2022ರ ಸೆಪ್ಟೆಂಬರಿನಲ್ಲಿ ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ನಾಲ್ವರು ಸಾಧುಗಳನ್ನು ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಲವಂಗಾದಲ್ಲಿ ಅದೇ ಸಂಶಯದಿಂದ ಥಳಿಸಿದರು. ಸಂಶಯ ಯಾರ ಮೇಲೆ ಮೊದಲು ಬೀಳುತ್ತದೆಂಬುದೂ ನಮಗೆ ಗೊತ್ತು. ಬ್ರಿಟಿಷರು 1871ರಿಂದ ಆರಂಭವಾದ ಕಾಯ್ದೆಗಳಲ್ಲಿ ‘ಅಪರಾಧಿ ಬುಡಕಟ್ಟು’ಗಳೆಂದು ಮುದ್ರೆಯೊತ್ತಿದವರನ್ನು ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ, ಗದಗಗಳ ಸೆಟ್ಲಮೆಂಟುಗಳಲ್ಲಿ ಕೂಡಿಟ್ಟಿದ್ದರು. ಅಂಥ ಕಾಯ್ದೆ ದೇಶದಾದ್ಯಂತ ಹೋದದ್ದು 1952ರಲ್ಲಿ. ಅಂಥ ಮುದ್ರೆ ಹೊತ್ತ ಹರಣಶಿಕಾರಿ ಸಮುದಾಯದವರ ಗುಡಿಸಲ ಕಡೆಗೆ ಊರಿನ ಬ್ಯಾಟರಿ ಬೆಳಕು ಮೊದಲು ತಿರುಗುವುದು ಇಂದಿಗೂ ಹೋಗಿಲ್ಲ. ಅದಕ್ಕೇ ನಾನು ಕೇಳುವುದು ಕಾವಲು ಪಡೆಯನ್ನಲ್ಲ, ಒಬ್ಬ ಹೊಣೆಗಾರರನ್ನು. ಗುಂಪು ಸೇರಿದಾಗ "ಕೈ ಮಾಡಬ್ಯಾಡ್ರಿ, ಠಾಣೆಗೆ ಹೇಳೀನಿ" ಎನ್ನಲು ಅಧಿಕಾರವಿರುವ, ಹೇಳದಿದ್ದರೆ ಜವಾಬು ಕೊಡಬೇಕಾದ, ಊರಿನವರಿಗೆ ಹೆಸರು ಹಿಡಿದು ಗೊತ್ತಿರುವ ಒಬ್ಬರು ಅಲ್ಲಿರಬೇಕು.

ದೊಡ್ಡ ಕಳವುಗಳ ಮಾತು ಬೇರೆ. 2025ರ ಮೇ ತಿಂಗಳಲ್ಲಿ ನಮ್ಮ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕ್ ಶಾಖೆಯಿಂದ ಸುಮಾರು 59 ಕೆ.ಜಿ. ಚಿನ್ನ ಹೋಯಿತು, ಬಂಧಿತರಲ್ಲಿ ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕರೂ ಇದ್ದರು. ಒಳಗಿನವರ ಮೇಲೆ ಬಂದ ಅಂಥ ಆರೋಪದ ಮುಂದೆ ಯಾವ ಊರ ಕಾವಲೂ ಉಪಯೋಗಕ್ಕೆ ಬಾರದು. ಆದರೆ ಅದೇ ಸೆಪ್ಟೆಂಬರಿನಲ್ಲಿ ಚಡಚಣದ ಬ್ಯಾಂಕಿಗೆ ಮುಸುಕುಧಾರಿಗಳು ನುಗ್ಗಿ ಚಿನ್ನ, ನಗದು ದೋಚಿದ ಪ್ರಕರಣ ನೋಡಿ. ಅವರು ಗಡಿ ದಾಟಿ ಓಡಿದರು. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯ ಹತ್ತಿರ ಗಾಡಿ ಅಪಘಾತಕ್ಕೀಡಾಗಿ, ಜನ ಸೇರಿದಾಗ ಗಾಡಿ ಬಿಟ್ಟು ಪರಾರಿಯಾದರು. ಆಮೇಲೆ ಅದೇ ಊರಿನ ಮನೆಯೊಂದರ ಮಾಳಿಗೆಯ ಮೇಲೆ ಚಿನ್ನ ಮತ್ತು ನಗದಿದ್ದ ಚೀಲ ಸಿಕ್ಕಿತು. ದೀಪಾವಳಿಗೆ ನಮ್ಮ ಕಡೆಯ ಹಾಲುಮತದವರು ಮಾಳಿಂಗರಾಯನ ದರ್ಶನಕ್ಕೆ ಹೋಗುವ ಊರದು. ಅಲ್ಲಿ ಅರ್ಧ ಊರು ಕನ್ನಡ ಮಾತಾಡುತ್ತದೆ. ಕಳ್ಳರಿಗೆ ರಾಜ್ಯದ ಗಡಿ ಇಲ್ಲ, ದೇವರಿಗೂ ಇಲ್ಲ, ಇರುವುದು ಠಾಣೆಗಳಿಗೆ. ಗಡಿಯಾಚೆಯ ಊರಿನಲ್ಲಿ ಪೊಲೀಸ್ ಪಾಟೀಲರಿದ್ದು ಈಚೆಯ ಊರಿನಲ್ಲಿ ಅವರಿಗೆ ಸರಿಜೋಡಿ ಯಾರೂ ಇಲ್ಲದಿದ್ದರೆ, ಆಚೆಯವರು ಸುದ್ದಿ ಮುಟ್ಟಿಸುವುದಾದರೂ ಯಾರಿಗೆ?

ಮಹಾರಾಷ್ಟ್ರದ ವ್ಯವಸ್ಥೆ ಚಿನ್ನದಂಥದೆಂದು ನಾನು ಹೇಳುತ್ತಿಲ್ಲ. ಪೊಲೀಸ್ ಪಾಟೀಲರು ಸರಪಂಚರ ಗುಂಪಿಗೆ ಸೇರಿಬಿಟ್ಟರೆ ಎದುರು ಗುಂಪಿನವರ ಕಳವು ವಹಿಯಲ್ಲಿ ಬರುವುದಿಲ್ಲ. 2007ರ ಆಗಸ್ಟ್ 15ರಂದು ಅಂದಿನ ಗೃಹ ಸಚಿವ ಆರ್.ಆರ್. ಪಾಟೀಲರು ಆರಂಭಿಸಿದ ‘ತಂಟಾಮುಕ್ತ ಗಾವ್’ ಅಭಿಯಾನದಲ್ಲಿ ಊರಿನ ಜಗಳಗಳನ್ನು ಊರಿನಲ್ಲೇ ಬಗೆಹರಿಸಿಕೊಂಡ ಗ್ರಾಮಗಳಿಗೆ ಲಕ್ಷಗಟ್ಟಲೆ ರೂಪಾಯಿ ಬಹುಮಾನ ಬಂತು. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ ಎಷ್ಟೋ ತೀರಿದವು, ನಿಜ. ಆದರೆ ಬಹುಮಾನದ ಆಸೆಗೆ, ಗಂಡನಿಂದ ಹೊಡೆಸಿಕೊಂಡು ಬಂದ ಹೆಣ್ಣುಮಗಳಿಗೂ ರಾಜಿ ಮಾಡಿಕೋ ಎಂದವರನ್ನು ನಾನು ಕಂಡಿದ್ದೇನೆ. ಪೊಲೀಸ್ ಪಾಟೀಲರು ವರದಿ ಒಪ್ಪಿಸುವುದು ಠಾಣೆಗೆ ಮತ್ತು ಪ್ರಾಂತಾಧಿಕಾರಿಗೆ (ಉಪವಿಭಾಗಾಧಿಕಾರಿಗೆ). ಊರಿನವರೆದುರು ಅವರು ಲೆಕ್ಕ ಕೊಡಬೇಕಾಗಿಲ್ಲ. ನನ್ನ ದೃಷ್ಟಿಯಲ್ಲಿ ಆ ಕಾಯ್ದೆಯ ದೊಡ್ಡ ಕೊರತೆ ಅದೇ.

ಕರ್ನಾಟಕ ಈ ಹುದ್ದೆಯನ್ನು ಹೊಸದಾಗಿ ಮಾಡುವುದಾದರೆ ಎರಡು ವಿಷಯಗಳಲ್ಲಿ ಮಹಾರಾಷ್ಟ್ರವನ್ನು ಅನುಸರಿಸಬಾರದು. ಮೊದಲನೆಯದು ಹೆಸರು. ‘ಪಾಟೀಲ’, ‘ಗೌಡ’, ‘ತಳವಾರ’ ಎಂಬ ಯಾವ ಹೆಸರಿಟ್ಟರೂ ಒಂದು ಮನೆತನದವರ, ಒಂದು ಜಾತಿಯವರ ನೆನಪು ಅಂಟಿಕೊಂಡು ಬರುತ್ತದೆ. ಎರಡನೆಯದು ಮುಖ್ಯವಾದದ್ದು: ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ಸೇರಲೇಬೇಕು. ಆ ಸಭೆಯಲ್ಲಿ ಉದ್ಯೋಗ ಖಾತ್ರಿ ಕೂಲಿಯ, ಮನೆ ಹಂಚಿಕೆಯ ಲೆಕ್ಕ ಓದುವಂತೆಯೇ, ಊರಿನ ಈ ಹೊಣೆಗಾರರು ಬೀಟ್ ಪೊಲೀಸರ ಜೊತೆಗೆ ನಿಂತು, ಆರು ತಿಂಗಳಲ್ಲಿ ಎಷ್ಟು ಕಳವಿನ ಸುದ್ದಿ ಬಂತು, ಎಷ್ಟಕ್ಕೆ ದೂರು ದಾಖಲಾಯಿತು, ಎಷ್ಟು ರಾತ್ರಿ ಗಸ್ತು ನಡೆಯಿತು ಎಂಬುದನ್ನು ಓದಿ ಹೇಳಬೇಕು. ಹೆಣ್ಣುಮಕ್ಕಳ ಹೆಸರು, ತನಿಖೆಯ ಗುಟ್ಟು ಅಲ್ಲಿ ಬರಬೇಕಾಗಿಲ್ಲ, ಅಂಕಿಗಳು ಸಾಕು. ಪಂಚಾಯಿತಿ ಮಟ್ಟದಲ್ಲಿ ಇದನ್ನು ಆರಂಭಿಸಲು ಹೊಸ ಹುದ್ದೆಯವರೆಗೂ ಕಾಯಬೇಕಿಲ್ಲ. ಠಾಣಾಧಿಕಾರಿಗಳು ಮನಸ್ಸು ಮಾಡಿ ಬೀಟ್ ಪೊಲೀಸರನ್ನು ಗ್ರಾಮ ಸಭೆಗೆ ಕಳಿಸಿದರೆ ಬರುವ ಸಭೆಯಿಂದಲೇ ಆಗುತ್ತದೆ.

ಆ ದೀಪಾವಳಿಗೆ ಊರಿನಿಂದ ಹೊರಡುವ ದಿನ ಪಂಚಾಯಿತಿ ಕಟ್ಟಡದ ಮುಂದೆ ಬಸ್ಸಿಗಾಗಿ ನಿಂತಿದ್ದಾಗ ಗೋಡೆಯ ಮೇಲೆ ಬೀಟ್ ಪೊಲೀಸರ ಹೆಸರು, ಫೋನ್ ಸಂಖ್ಯೆ ಬರೆಸಿರುವುದನ್ನು ನೋಡಿದೆ. ಆ ಸಂಖ್ಯೆಗೆ ಫೋನು ಮಾಡಿ ಕೇಬಲ್ ಕಳವಿನ ಸುದ್ದಿಯನ್ನಾದರೂ ಹೇಳೋಣವೆಂದುಕೊಂಡೆ. ಎತ್ತಿದವರು ಮರ್ಯಾದೆಯಿಂದಲೇ ಮಾತಾಡಿದರು. ತಾವು ಬೇರೆ ತಾಲ್ಲೂಕಿಗೆ ವರ್ಗವಾಗಿ ಎರಡು ವರ್ಷವಾಯಿತೆಂದೂ, ಈಗ ಆ ಊರಿಗೆ ಯಾರಿದ್ದಾರೋ ಗೊತ್ತಿಲ್ಲವೆಂದೂ ಹೇಳಿದರು. ಅಣ್ಣನಿಗೆ ಇದನ್ನು ಹೇಳಿದರೆ, ಹೊಸ ಕೇಬಲ್ಲಿನ ಮೇಲೆ ಮುಳ್ಳುಕಂಟಿ ಹೇರಿ ಬಂದಿದ್ದ ಅವನು ಕೈ ಝಾಡಿಸಿಕೊಳ್ಳುತ್ತ, "ನೀ ಅಲ್ಲೇ ಇಂದಾಪುರದಾಗ ನಿಮ್ಮ ಪಾಟೀಲಬಾಯಿಗೆ ಹೇಳು, ಆಕಿ ಬರಕೋತಾಳ" ಎಂದ.